ಕೋಲಾರ: ‘ಕೆರೆ ಮತ್ತು ಕಲ್ಲುಬರಹ’ ಪ್ರದರ್ಶನಕ್ಕೆ ಬೆಳಕು, ಫಲಕ, ಮಕ್ಕಳ ಕಾರ್ಯಕ್ರಮ – ಸಲಹೆ ಬೇಕು

ಕೋಡಿನೀರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೋಲಾರದ ಒಂದು ಸಣ್ಣ ಪ್ರಾದೇಶಿಕ ಇತಿಹಾಸ ಸಂಗ್ರಹಾಲಯದಲ್ಲಿ ‘ಕೆರೆ ಮತ್ತು ಕಲ್ಲುಬರಹ’ ಎಂಬ ತಾತ್ಕಾಲಿಕ ಪ್ರದರ್ಶನ ಸಿದ್ಧವಾಗುತ್ತಿದೆ. ನವೆಂಬರ್ 19ಕ್ಕೆ, ಅಂದರೆ ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನ, ಆರಂಭ. ಸುಮಾರು 90 ದಿನ, ದಿನಕ್ಕೆ 8 ಗಂಟೆ ತೆರೆದಿರುತ್ತದೆ. ಶಾಲೆಗಳ ಪರೀಕ್ಷೆಗೆ ಮೊದಲೇ ಮುಗಿಸುವ ಲೆಕ್ಕ.

ಹಾಲ್ 12 ಮೀಟರ್ ಉದ್ದ, 7 ಮೀಟರ್ ಅಗಲ. ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ. ಎರವಲಾಗಿ ಬರುವ ವಸ್ತುಗಳು: ಎರಡು ಕಟ್ಟು ತಾಳೆಗರಿ, ಹಲಗೆಗಳನ್ನು ಪೋಣಿಸಿದ ಬಳೆ ಮತ್ತು ಮುದ್ರೆಯೊಂದಿಗೆ ಮೂರು ಹಲಗೆಯ ಒಂದು ತಾಮ್ರಶಾಸನ, ಬಣ್ಣ ಹಾಕಿದ ನಾಲ್ಕು ಹಳೆಯ ಗ್ರಾಮ ನಕ್ಷೆ, ಕೆಲವು ದಾಖಲೆ ಪತ್ರ. ಇವಲ್ಲದೆ ವೀರಗಲ್ಲುಗಳ ಮತ್ತು ಕೆರೆ ಶಾಸನಗಳ ಫೋಟೋ, ಪಡಿಯಚ್ಚು (ಕಲ್ಲಿನ ಮೇಲೆ ಒದ್ದೆ ಕಾಗದ ಕೂರಿಸಿ ಮಸಿಯಿಂದ ತೆಗೆದ ಪ್ರತಿ).

ಕೇಳಬೇಕಾದದ್ದು ಇಷ್ಟು:

1. ಬೆಳಕು, ಶೋಕೇಸ್ ಹೇಗಿರಬೇಕು? ಬಡಗಿ ಪ್ಲೈವುಡ್‌ನಲ್ಲಿ ಮಾಡಿ ಒಳಗೆ ಕೆಂಪು ವೆಲ್ವೆಟ್ ಹಾಕೋಣ ಅನ್ನುತ್ತಿದ್ದಾರೆ.
2. ಫಲಕದ ಬರಹ ಎಷ್ಟಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು?
3. ವಾರಕ್ಕೆ ಎರಡು ಶಾಲೆ, ಒಂದು ಸಲಕ್ಕೆ 40 ಮಕ್ಕಳು. ಪಡಿಯಚ್ಚು ತೆಗೆಯುವುದನ್ನು ಅವರ ಕೈಯಲ್ಲೇ ಮಾಡಿಸಬಹುದೇ?
4. ಒಂದು ಊರಿನವರು ಕೆರೆ ಏರಿಯ ಪಕ್ಕ ಇರುವ ವೀರಗಲ್ಲನ್ನು ‘ನೀವೇ ತಗೊಂಡು ಹೋಗಿ ಮ್ಯೂಸಿಯಂನಲ್ಲಿ ಇಡಿ’ ಅನ್ನುತ್ತಿದ್ದಾರೆ. ಜೆಸಿಬಿ ಕೂಡ ಕೊಡುತ್ತಾರಂತೆ. ತರಬಹುದೇ?

---

ತಾಳೆಗರಿ

ಮೊದಲು ವೆಲ್ವೆಟ್ ಬೇಡ ಅಂತ ಹೇಳಿಬಿಡಿ. ಕೆಂಪು ಬಣ್ಣ ತೇವಕ್ಕೆ ಬಿಟ್ಟು ಗರಿಗೆ ಅಂಟುತ್ತದೆ. ಉಣ್ಣೆಯ ಬಟ್ಟೆಯೂ ಬೇಡ, ಅದರಿಂದ ಹೊರಡುವ ಗಂಧಕದ ಅನಿಲ ಬೆಳ್ಳಿ, ತಾಮ್ರವನ್ನು ಕಪ್ಪಾಗಿಸುತ್ತದೆ. ಬಣ್ಣ ಹಾಕದ ಕೋರಾ ಹತ್ತಿ ಬಟ್ಟೆ ತಂದು, ಬಿಸಿನೀರಲ್ಲಿ ಎರಡು ಸಲ ಒಗೆದು ಗಂಜಿ ಪೂರ್ತಿ ತೆಗೆದು, ಒಣಗಿಸಿ ಹಾಸಿ. ಗಂಜಿ ಉಳಿದರೆ ಹುಳುವಿಗೆ ನಾವೇ ಊಟ ಇಟ್ಟ ಹಾಗೆ.

ಪ್ಲೈವುಡ್ ಮತ್ತು ಅದರ ಅಂಟಿನಿಂದ ತಿಂಗಳುಗಟ್ಟಲೆ ಆಮ್ಲದ ಆವಿ ಬರುತ್ತಲೇ ಇರುತ್ತದೆ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ, ವಸ್ತುವಿನ ಮೇಲೆಯೇ ಕೂರುತ್ತದೆ. ಆಗುವುದಾದರೆ ಪುಡಿಲೇಪನ ಮಾಡಿದ ಕಬ್ಬಿಣದ ಚೌಕಟ್ಟು ಮತ್ತು ಗಾಜು. ಪ್ಲೈವುಡ್ಡೇ ಗತಿ ಅಂದರೆ ಒಳಮೈಗೆಲ್ಲ ಪಾಲಿಯೆಸ್ಟರ್ ಹಾಳೆ ಇಲ್ಲವೇ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ಹಾಳೆಯಿಂದ ಸಂದು ಬಿಡದಂತೆ ಮುಚ್ಚಿಸಿ. ಬಣ್ಣ ಬಳಿದಿದ್ದರೆ ಬಾಗಿಲು ತೆರೆದಿಟ್ಟು ಕನಿಷ್ಠ ಮೂರು–ನಾಲ್ಕು ವಾರ ಗಾಳಿಯಾಡಬೇಕು. ಉದ್ಘಾಟನೆಯ ಹಿಂದಿನ ದಿನ ಬಣ್ಣ ಹೊಡೆಯುವುದು ನಮ್ಮ ಕಡೆ ರೂಢಿ. ಅದಕ್ಕೇ ಬಡಗಿಗೆ ಅಕ್ಟೋಬರ್ 15ರ ಗಡುವು ಕೊಡಿ. ಪ್ರಿಂಟ್ ಅಂಗಡಿಯ ಸನ್‌ಬೋರ್ಡ್ ಗೋಡೆಗೆ ಪರವಾಗಿಲ್ಲ, ಆದರೆ ಅದು ಪಿವಿಸಿ, ಪೆಟ್ಟಿಗೆಯ ಒಳಗೆ ಇಡಬಾರದು.

ಬೆಳಕಿನ ವಿಷಯ. ಕಾಗದ, ತಾಳೆಗರಿ, ಬಟ್ಟೆ, ಜಲವರ್ಣಕ್ಕೆ ಮಿತಿ 50 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ). ಕಲ್ಲಿಗೆ ಮಿತಿಯಿಲ್ಲ. 50 ಅಂದರೆ ಮಬ್ಬು ಅನ್ನಿಸುತ್ತದೆ, ಆದರೆ ಹಾಲ್ ಪೂರ್ತಿ ಅದೇ ಮಟ್ಟದಲ್ಲಿದ್ದರೆ ಕಣ್ಣು ಐದು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಬಾಗಿಲಲ್ಲೇ ಫೋಟೋ ಫಲಕಗಳನ್ನಿಟ್ಟು ಬೆಳಕನ್ನು ಹಂತಹಂತವಾಗಿ ಇಳಿಸಿ.

ಲಕ್ಸ್‌ಗಿಂತ ಮುಖ್ಯವಾದದ್ದು ಒಟ್ಟು ಮೊತ್ತ. 50 ಲಕ್ಸ್ × 8 ಗಂಟೆ = ದಿನಕ್ಕೆ 400 ಲಕ್ಸ್–ಗಂಟೆ. 90 ದಿನಕ್ಕೆ 36,000. ಅದೇ ವಸ್ತು ಕಿಟಕಿಯ ಹತ್ತಿರ 500 ಲಕ್ಸ್‌ನಲ್ಲಿದ್ದರೆ ಈ 36,000 ಒಂಬತ್ತೇ ದಿನದಲ್ಲಿ ತುಂಬುತ್ತದೆ. ಬೆಳಕಿಗೆ ತೀರಾ ಬೇಗ ಮಾಸುವ ಬಣ್ಣಗಳಿಗೆ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಹೇಳುವ ವಾರ್ಷಿಕ ಮಿತಿ 15,000 ಲಕ್ಸ್–ಗಂಟೆ. ನಿಮ್ಮ ಬಣ್ಣದ ನಕ್ಷೆಗಳನ್ನು ಆ ಗುಂಪಿಗೇ ಸೇರಿಸಿಕೊಳ್ಳಿ: 15,000ವನ್ನು 400ರಿಂದ ಭಾಗಿಸಿದರೆ 37 ದಿನ. ಅಂದರೆ ಒಂದೊಂದು ನಕ್ಷೆಯನ್ನು ಐದು ವಾರ ಇಟ್ಟು ತೆಗೆಯಿರಿ. ನಾಲ್ಕು ಇವೆಯಲ್ಲ, ಎರಡನ್ನು ಮೊದಲು, ಎರಡನ್ನು ಆಮೇಲೆ ಇಡಬಹುದು. ಕೊನೆಯ ದಿನಗಳಿಗೆ ನಕಲು ಸಾಕು. ನಕಲು ಅಂತ ಫಲಕದಲ್ಲಿ ಸ್ಪಷ್ಟವಾಗಿ ಬರೆಯಿರಿ, ನೋಡುಗರು ಬೇಸರ ಮಾಡಿಕೊಳ್ಳುವುದಿಲ್ಲ.

ಪಶ್ಚಿಮದ ಕಿಟಕಿಗಳನ್ನು ಹಾರ್ಡ್‌ಬೋರ್ಡ್ ಇಟ್ಟು ಪೂರ್ತಿ ಮುಚ್ಚಿ. ಪರದೆ ಸಾಲದು, ಮಧ್ಯಾಹ್ನ ಮೂರರ ಮೇಲೆ ಯಾರೋ ಗಾಳಿಗೆ ಅಂತ ಸರಿಸುತ್ತಾರೆ. ದೀಪಕ್ಕೆ 3000 ಕೆಲ್ವಿನ್‌ನ ಎಲ್‌ಇಡಿ, ಪೆಟ್ಟಿಗೆಯ ಹೊರಗಿಂದ.

ತಾಳೆಗರಿಗೆ: ಕಟ್ಟು ಬಿಚ್ಚುವ ಮುಂಚೆ ಎಲ್ಲಾ ಅಂಚುಗಳ ಫೋಟೋ, ಗರಿಸಂಖ್ಯೆಯ ಪಟ್ಟಿ. ದಾರ ಎಳೆದು ಬೀಸಣಿಗೆಯಂತೆ ಹರಡಿಸಿ ತೋರಿಸುವುದು ನೋಡಲು ಚಂದ, ಆದರೆ ದಾರದ ತೂತು ಸೀಳುತ್ತದೆ, ಅಲ್ಲಿಂದ ಸೀಳು ನಾರಿನ ಗುಂಟ ಉದ್ದಕ್ಕೂ ಓಡುತ್ತದೆ. ಎರಡು ಗರಿ ಮಾತ್ರ ಚಪ್ಪಟೆಯಾಗಿ ಇಟ್ಟು, ಪಾಲಿಯೆಸ್ಟರ್ ಪಟ್ಟಿಯಿಂದ ಸಡಿಲವಾಗಿ ಹಿಡಿಸಿ. ಗಾಜು ಗರಿಗೆ ತಾಗಕೂಡದು. ರಬ್ಬರ್ ಬ್ಯಾಂಡ್, ಸೆಲ್ಲೋಟೇಪು, ನುಸಿಗುಳಿಗೆ ಮೂರೂ ಹತ್ತಿರ ಸುಳಿಯಬಾರದು. ಎಣ್ಣೆ ಸವರುವ ಕೆಲಸವನ್ನು ಪ್ರದರ್ಶನಕ್ಕಾಗಿ ಅವಸರದಲ್ಲಿ ಮಾಡಬೇಡಿ. ಮಸಿ ಎಂಥದ್ದು, ಕೊರೆದದ್ದೋ ಮೇಲೆ ಬರೆದದ್ದೋ ಎಂದು ನೋಡದೆ ಎಣ್ಣೆ ಮುಟ್ಟಿಸಿದರೆ ಬರಹವೇ ಅಳಿಸಿಹೋಗಬಹುದು.

ತಾಮ್ರಶಾಸನ: ಹುಣಸೆಹಣ್ಣು, ನಿಂಬೆ, ಪಾಲಿಶ್ ಯಾವುದೂ ಬೇಡ. ಮೇಲಿನ ಕಂದು–ಹಸಿರು ಪದರ ಲೋಹವನ್ನು ಕಾಯುತ್ತದೆ, ಅದನ್ನು ಉಜ್ಜಿದರೆ ಅಕ್ಷರದ ಅಂಚೂ ಸವೆಯುತ್ತದೆ. ಆದರೆ ತಿಳಿಹಸಿರು ಬಣ್ಣದ ಪುಡಿ, ಮುಟ್ಟಿದರೆ ಉದುರುವಂಥದ್ದು ಕಂಡರೆ ಅದು ಬೇರೆ ಸಂಗತಿ. ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ತಿನ್ನುತ್ತಿವೆ ಎಂದು ಅರ್ಥ. ಆ ಹಲಗೆಯನ್ನು ಪ್ರದರ್ಶನಕ್ಕಿಡದೆ ಸಂರಕ್ಷಕರಿಗೆ ತೋರಿಸಿ. ಬಳೆ ಕತ್ತರಿಸದೆ ಇದ್ದರೆ ಹಾಗೆಯೇ ಇರಲಿ, ದಯವಿಟ್ಟು ಫೋಟೋಗಾಗಿ ಕತ್ತರಿಸಬೇಡಿ. ಮೊದಲ ಹಲಗೆಯ ಹೊರಮೈ ಮತ್ತು ಕೊನೆಯ ಹಲಗೆಯ ಹೊರಮೈ ಸಾಮಾನ್ಯವಾಗಿ ಖಾಲಿ ಬಿಟ್ಟಿರುತ್ತಾರೆ, ಒಳಗಿನ ಬರಹ ಉಜ್ಜಿಹೋಗದಿರಲಿ ಅಂತ. ಇದನ್ನೇ ಜನಕ್ಕೆ ತೋರಿಸಿ: ಹಲಗೆಗಳನ್ನು ಅಕ್ರಿಲಿಕ್ ಆಧಾರದ ಮೇಲೆ ಸ್ವಲ್ಪ ಬಿಡಿಸಿಟ್ಟು ಕೆಳಗೆ ಕನ್ನಡಿ ಇಟ್ಟರೆ ಸಾಕು. ತೂಕ ಆಧಾರದ ಮೇಲಿರಲಿ, ಬಳೆಯ ಮೇಲೆ ಬೀಳಬಾರದು.

ತೇವಮಾಪಕ ಕೊಂಡಾಗ ನಂಬುವ ಮೊದಲು ಪರೀಕ್ಷಿಸಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರಿನಿಂದ ಒದ್ದೆ ಮರಳಿನ ಹದಕ್ಕೆ ತಂದು, ಮಾಪಕದ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ಶೇಕಡಾ ತೋರಿಸಬೇಕು. 70 ತೋರಿಸಿದರೆ ಆ ಮಾಪಕಕ್ಕೆ ಯಾವಾಗಲೂ 5 ಕೂಡಿಸಿ ಓದಿ. ತಾಮ್ರಶಾಸನ ಇಟ್ಟ ಪೆಟ್ಟಿಗೆಯ ತೇವ 40ಕ್ಕಿಂತ ಕೆಳಗೆ ಇರಲಿ, ಸಿಲಿಕಾ ಜೆಲ್ ಅಲ್ಲಿಗೆ. ತಾಳೆಗರಿಯ ಪೆಟ್ಟಿಗೆಗೆ ಜೆಲ್ ಹಾಕಿದರೆ ಗರಿ ಒಣಗಿ ಸಿಡಿಯುತ್ತದೆ, ಅದಕ್ಕೆ 50–55ರ ಆಸುಪಾಸು ಒಳ್ಳೆಯದು. ಹಾಗಾಗಿ ಎರಡನ್ನೂ ಒಂದೇ ಶೋಕೇಸ್‌ನಲ್ಲಿ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ.

---

ಓರೆಬೆಳಕು

ನಾಲ್ಕನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅಲ್ಲಿ ತಪ್ಪಾದರೆ ಮತ್ತೆ ಸರಿಪಡಿಸಲಾಗದು.

ತರಬೇಡಿ. ಆ ಕಲ್ಲಿನ ಅರ್ಧ ಅರ್ಥ ಅದು ನಿಂತ ಜಾಗದಲ್ಲಿದೆ. ಊರಬಾಗಿಲೋ, ಕೆರೆ ಏರಿಯೋ, ಗಡಿಯೋ. ಮುಖ ಯಾವ ದಿಕ್ಕಿಗೆ, ಪಕ್ಕದಲ್ಲಿ ಇನ್ನೆಷ್ಟು ಕಲ್ಲು. ಹಾಲ್‌ಗೆ ತಂದ ಕೂಡಲೇ ಅದು ‘ವೀರಗಲ್ಲು, ಕಲ್ಲು, 10ನೇ ಶತಮಾನ’ ಅಷ್ಟೇ ಆಗುತ್ತದೆ. ಊರಿನವರು ಕೊಟ್ಟರು ಎನ್ನುವುದರಿಂದ ಕಾನೂನಿನ ಅಧಿಕಾರವೂ ಬರುವುದಿಲ್ಲ. ತಹಶೀಲ್ದಾರರಿಗೆ ಮತ್ತು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಲಿಖಿತ ಅನುಮತಿಯಿಲ್ಲದೆ ಅಲುಗಾಡಿಸಬಾರದು.

ಜೆಸಿಬಿಯ ಮಾತು. 1.5 ಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿ ಅಂದರೆ 0.24 ಘನ ಮೀಟರ್. ಘನ ಮೀಟರಿಗೆ ಸುಮಾರು 2,700 ಕಿಲೋ, ಅಂದರೆ 650 ಕಿಲೋ ಹತ್ತಿರ. ಬಕೆಟ್ಟಿನ ಹಲ್ಲು ತಾಗಿದರೆ ಅಂಚಿನ ಅಕ್ಷರ ಹಾರುತ್ತದೆ, ಸರಪಳಿ ಕಟ್ಟಿದರೆ ಮಧ್ಯದಲ್ಲಿ ಉಜ್ಜುತ್ತದೆ. ಮಣ್ಣಲ್ಲಿ ಹುಗಿದ ಭಾಗದಲ್ಲೂ ಬರಹ ಇರಬಹುದು ಎನ್ನುವುದು ಎಳೆದವರ ಗಮನಕ್ಕೇ ಬರುವುದಿಲ್ಲ. ಹಾಲ್‌ನ ನೆಲ ಆ ಭಾರಕ್ಕೆ ತಡೆಯುತ್ತದೆಯೇ ಎನ್ನುವುದು ಇನ್ನೊಂದು ಪ್ರಶ್ನೆ.

ಅದರ ಬದಲು ಕಲ್ಲನ್ನು ಅಲ್ಲೇ ಚೆನ್ನಾಗಿ ದಾಖಲಿಸಿ ಹಾಲ್‌ಗೆ ಚಿತ್ರ ತನ್ನಿ. ಮಧ್ಯಾಹ್ನದ ಬಿಸಿಲಿನ ಫೋಟೋದಲ್ಲಿ ಅಕ್ಷರ ಕಾಣುವುದೇ ಇಲ್ಲ. ಕತ್ತಲಾದ ಮೇಲೆ ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು, ಟಾರ್ಚನ್ನು ಕಲ್ಲಿನ ಮೈಗೆ 10–15 ಡಿಗ್ರಿ ಓರೆಯಲ್ಲಿ ಎಡಮೇಲಿಂದ ಹಿಡಿಯಿರಿ. ಆಮೇಲೆ ಬಲದಿಂದ, ಮೇಲಿಂದ, ಕೆಳಗಿಂದ ಒಂದೊಂದು. ಹಗಲಲ್ಲಿ ಬರೀ ತರಿತರಿಯಾಗಿ ಕಾಣುವ ಮೈಯಲ್ಲಿ ಸಾಲು ಸಾಲು ಅಕ್ಷರ ಎದ್ದು ಬರುತ್ತವೆ. ಹಾಲ್‌ನಲ್ಲಿ ಅದೇ ಕಲ್ಲಿನ ಹಗಲಿನ ಫೋಟೋ ಮತ್ತು ಓರೆಬೆಳಕಿನ ಫೋಟೋ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಹಾಕಿ. ಇಡೀ ಪ್ರದರ್ಶನದಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ. ಚಿತ್ರದಲ್ಲಿ ಅಳತೆಪಟ್ಟಿ ಇರಲಿ, ಸ್ಥಳದ ಜಿಪಿಎಸ್ ಅಂಕಿ ಮತ್ತು ಕಲ್ಲಿನ ಮುಖದ ದಿಕ್ಕು ಬರೆದಿಡಿ.

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ರಂಗೋಲಿ ಪುಡಿ, ಎಣ್ಣೆ ಹಚ್ಚಬೇಡಿ. ಊರಿನವರಿಗೂ ಹೇಳಿ: ಏನಾಮಲ್ ಬಣ್ಣ ಬೇಡ, ಬುಡಕ್ಕೆ ಸಿಮೆಂಟ್ ಕಟ್ಟೆಯೂ ಬೇಡ. ಸಿಮೆಂಟಿನ ಲವಣ ನೀರಿನ ಜೊತೆ ಮೇಲೇರಿ ಕಲ್ಲಿನ ಮೈ ಎಬ್ಬಿಸುತ್ತದೆ. ಗಿಡಗಂಟಿ ಕಿತ್ತು, ಮಳೆನೀರು ಬುಡದಲ್ಲಿ ನಿಲ್ಲದಂತೆ ಒಂದು ಸಣ್ಣ ಕಾಲುವೆ ತೆಗೆದರೆ ಸದ್ಯಕ್ಕೆ ಸಾಕು.

ಶಾಸನದ ಪಾಠಕ್ಕೆ: ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ (1905) ಕೋಲಾರ ಜಿಲ್ಲೆಯದು. ಆಗ ಚಿಕ್ಕಬಳ್ಳಾಪುರ, ಗುಡಿಬಂಡೆ, ಬಾಗೇಪಲ್ಲಿ, ಗೌರಿಬಿದನೂರು ಎಲ್ಲ ಕೋಲಾರದಲ್ಲೇ ಇದ್ದವು. ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ. ಬಂಗಾರಪೇಟೆಯದ್ದು ಸಿಗಲಿಲ್ಲ ಅಂದರೆ ‘ಬೌರಿಂಗ್‌ಪೇಟೆ’ ಕೆಳಗೆ ಹುಡುಕಿ. ತುಮಕೂರು ಕಡೆಯವರಿಗೆ 12ನೇ ಸಂಪುಟ. ಮುದ್ರಿತ ಪಾಠವನ್ನು ಕಣ್ಣುಮುಚ್ಚಿ ಫಲಕಕ್ಕೆ ಏರಿಸಬೇಡಿ, ನಿಮ್ಮ ಓರೆಬೆಳಕಿನ ಫೋಟೋ ಜೊತೆ ಸಾಲು ಸಾಲಾಗಿ ಹೋಲಿಸಿ.

---

ಕಪ್ಪುಹಲಗೆ

ಫಲಕ ಮತ್ತು ಮಕ್ಕಳ ವಿಷಯಕ್ಕೆ ಬರುತ್ತೇನೆ.

ಆರಂಭದ ದೊಡ್ಡ ಫಲಕ 120–150 ಪದ, ವಸ್ತುವಿನ ಪಕ್ಕದ್ದು 50 ಪದ ಮೀರದಿರಲಿ. ಒಂದು ಮೀಟರ್ ದೂರದಿಂದ ಓದಬೇಕಾದರೆ ಕನ್ನಡ ಅಕ್ಷರ 24 ಪಾಯಿಂಟ್‌ಗಿಂತ ಕಡಿಮೆ ಬೇಡ, 28 ಇದ್ದರೆ ಅಜ್ಜ–ಅಜ್ಜಿಯರಿಗೂ ಆಗುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಕೊಡಿ. ಇಂಗ್ಲಿಷಿನ ಅಳತೆಯನ್ನೇ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ. ಫಲಕದ ಮಧ್ಯಭಾಗ ನೆಲದಿಂದ 145–150 ಸೆಂಟಿಮೀಟರ್. ಮಕ್ಕಳಿಗಾಗಿ ಬರೆದ ಪ್ರಶ್ನೆಗಳು 100ರ ಹತ್ತಿರ, ಬೇರೆ ಪಟ್ಟಿಯಲ್ಲಿ. ಹೊಳೆಯುವ ಲ್ಯಾಮಿನೇಶನ್ ಬೇಡ, ಮ್ಯಾಟ್ ಹಾಕಿಸಿ.

ಪ್ರಿಂಟ್‌ಗೆ ಕೊಡುವಾಗ ಒಂದು ಎಚ್ಚರಿಕೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಗಡಿಯವರು ಹಳೆಯ ಡಿಟಿಪಿ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ: ‘ಶಾಸ್ತ್ರ’ ಹೋಗಿ ‘ಶಾಸ್‌ತ್‌ರ’. ನೀವೇ ಪಿಡಿಎಫ್ ಮಾಡಿ, ಫಾಂಟ್ ಒಳಗೆ ಸೇರಿಸಿ ಕೊಡಿ, ಮೊದಲು ಒಂದು ಎ4 ಪ್ರತಿ ತೆಗೆಸಿ ಗಟ್ಟಿಯಾಗಿ ಓದಿ. ಹಳಗನ್ನಡದ ಱ ಮತ್ತು ೞ ಎಷ್ಟೋ ಫಾಂಟ್‌ಗಳಲ್ಲಿ ಇಲ್ಲ, ಚೌಕ ಡಬ್ಬಿ ಬರುತ್ತದೆ. ಮೊದಲೇ ಪರೀಕ್ಷಿಸಿ.

ಬರಹದಲ್ಲಿ ಕಣ್ಣಿಗೆ ದಾರಿ ತೋರಿಸಬೇಕು. ನಿಮ್ಮ ಕಲ್ಲಿನಲ್ಲಿ ದನಗಳ ಚಿತ್ರವಿದ್ದರೆ ಹೀಗೆ:

‘ಕೆಳಗಿನ ಎಡಮೂಲೆ ನೋಡಿ. ಒಂದರ ಹಿಂದೊಂದು ದನಗಳು. ಅವನ್ನು ಹೊಡೆದೊಯ್ಯಲು ಬಂದವರಿಗೆ ಎದುರು ನಿಂತವನು ಈ ವೀರ. ಇಂಥ ದಾಳಿಗೆ ಶಾಸನಗಳಲ್ಲಿ ‘ತುಱುಗೊಳ್’ ಎಂಬ ಹೆಸರು. ತುಱು ಎಂದರೆ ದನ. ಈ ಕಲ್ಲು ಇಂದಿಗೂ ಊರ ಕೆರೆ ಏರಿಯ ಮೇಲೆ ಪೂರ್ವಕ್ಕೆ ಮುಖಮಾಡಿ ನಿಂತಿದೆ.’

ಮೂವತ್ತು ಪದದ ಆಸುಪಾಸು. ಇದನ್ನು ಓದಿದವರು ಮತ್ತೆ ಕಲ್ಲಿನ ಕಡೆ ತಿರುಗುತ್ತಾರೆ. ‘ಗಂಗ–ನೊಳಂಬ ಶೈಲಿಯ ಅಪೂರ್ವ ಕಲಾಕೃತಿ’ ಎಂದು ಬರೆದರೆ ಯಾರೂ ತಿರುಗುವುದಿಲ್ಲ. ಹಾಗೆಯೇ ‘ಕಲ್ನಾಡು’ (ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿ), ‘ಬಿತ್ತುವಟ್ಟ’ (ಕೆರೆ ಕಟ್ಟಿಸಿದ, ಕಾಯುವ ಕೆಲಸಕ್ಕೆ ಬಿಟ್ಟ ಭೂಮಿ) ಇಂಥ ಪದ ಬಂದಲ್ಲಿ ಅಲ್ಲೇ ಅರ್ಥ ಕೊಡಿ. ಕೊನೆಯಲ್ಲಿ ಪದಕೋಶ ಹಾಕಿದರೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬರುವ ಹಿರಿಯರಿಗೆ ತೆಲುಗಿನಲ್ಲಿ, ಕೆಜಿಎಫ್ ಕಡೆಯವರಿಗೆ ತಮಿಳಿನಲ್ಲಿ ಬಾಯಲ್ಲಿ ವಿವರಿಸುವವರು ಒಬ್ಬೊಬ್ಬರು ಇರಲಿ. ಕೋಲಾರಮ್ಮ ದೇವಸ್ಥಾನದ ಗೋಡೆಯ ಚೋಳರ ಶಾಸನಗಳೇ ತಮಿಳಿನಲ್ಲಿವೆ, ಅದೂ ಈ ಜಿಲ್ಲೆಯ ಇತಿಹಾಸವೇ.

ಪಡಿಯಚ್ಚು ಮಕ್ಕಳ ಕೈಯಲ್ಲಿ ಖಂಡಿತ ಮಾಡಿಸಿ, ಆದರೆ ನಿಜವಾದ ಶಾಸನದ ಮೇಲೆ ಬೇಡ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳಿದ್ದಾರಲ್ಲ, ಅವರಿಂದ 20×25 ಸೆಂಟಿಮೀಟರಿನ, 3 ಸೆಂಟಿಮೀಟರ್ ದಪ್ಪದ ಹತ್ತು ಚಪ್ಪಡಿ ಮಾಡಿಸಿ. ಒಂದೊಂದು ಸುಮಾರು 4 ಕಿಲೋ ತೂಗುತ್ತದೆ, ಬಡಿದಾಗ ಜಾರುವುದಿಲ್ಲ. ಅಕ್ಷರ 4 ಸೆಂಟಿಮೀಟರ್ ಎತ್ತರ, 3–4 ಮಿಲಿಮೀಟರ್ ಆಳ. ಅಂಚು ತೀರಾ ಚೂಪಾಗಿದ್ದರೆ ಕಾಗದ ಹರಿಯುತ್ತದೆ, ಸ್ವಲ್ಪ ಉಜ್ಜಿಸಿ.

40 ಮಕ್ಕಳನ್ನು 20–20 ಮಾಡಿ. ಒಂದು ಗುಂಪು ಇಲ್ಲಿ, ಇನ್ನೊಂದು ಹಾಲ್‌ನಲ್ಲಿ. 40 ನಿಮಿಷಕ್ಕೆ ಅದಲುಬದಲು. ಚಪ್ಪಡಿಗೆ ಇಬ್ಬರು, ಒಬ್ಬರಿಗೊಂದು ಪ್ರತಿ. ಕಾಗದ 40 ಹಾಳೆ, ಹರಿಯುವುದಕ್ಕೆ ಇನ್ನೊಂದು 20.

ಕ್ರಮ ಹೀಗೆ. ಚಪ್ಪಡಿಯನ್ನು ನೀರು ಹಾಕಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ತೆಳು ಕಾಗದವನ್ನು ನೀರಲ್ಲಿ ಅದ್ದಿ, ಎರಡು ಮೂಲೆ ಹಿಡಿದು ಎತ್ತಿ, ಕಲ್ಲಿನ ಮೇಲೆ ಮಧ್ಯದಿಂದ ಹೊರಗೆ ಗಾಳಿಗುಳ್ಳೆ ತಳ್ಳುತ್ತ ಹರಡಿ. ಉದ್ದ ಕೂದಲಿನ ಬ್ರಷ್‌ನಿಂದ ನೇರವಾಗಿ ಮೇಲಿಂದ ಬಡಿಯಬೇಕು, ಉಜ್ಜಬಾರದು. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಕೂರುವವರೆಗೆ. ಹರಿದಲ್ಲಿ ಒದ್ದೆ ಕಾಗದದ ತುಂಡು ಇಟ್ಟು ಮತ್ತೆ ಬಡಿದರೆ ಬೆಸೆದುಕೊಳ್ಳುತ್ತದೆ. ಈಗ ಕಾಯಬೇಕು. ಕಾಗದದ ನೀರಿನ ಹೊಳಪು ಹೋಗಿ ಮೈ ಮಂಕಾದಾಗ, ಮುಟ್ಟಿದರೆ ಇನ್ನೂ ತಣ್ಣಗಿರುವಾಗ, ಅದೇ ಹದ. ಹತ್ತಿ ತುಂಬಿ ಬಟ್ಟೆ ಕಟ್ಟಿದ ಮಸಿಗುಂಡನ್ನು ತಟ್ಟೆಯಲ್ಲಿ ಒತ್ತಿ, ಮೊದಲು ಒಂದು ರದ್ದಿ ಕಾಗದದ ಮೇಲೆ ತಟ್ಟಿ ಹೆಚ್ಚಿನ ಮಸಿ ಬಿಡಿಸಿ, ಆಮೇಲೆ ಹಗುರವಾಗಿ ತಟ್ಟುತ್ತ ಬನ್ನಿ. ಒಂದೇ ಸಲಕ್ಕೆ ಕಪ್ಪು ಮಾಡಬೇಡಿ, ಮೂರು ಸುತ್ತು. ಮೈ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಬಹುಪಾಲು ಒಣಗಿದ ಮೇಲೆ ಒಂದು ಅಂಚಿನಿಂದ ಬಿಡಿಸಿ.

ಕೆಡುವುದು ಎರಡೇ ಕಡೆ. ತೀರಾ ಒದ್ದೆಯಲ್ಲಿ ಮಸಿ ಹಾಕಿದರೆ ಅದು ಹರಡಿ ಅಕ್ಷರ ತುಂಬುತ್ತದೆ, ಕಲ್ಲಿಗೂ ಇಳಿಯುತ್ತದೆ. ತೀರಾ ಒಣಗಲು ಬಿಟ್ಟರೆ ಕಾಗದ ಗುಳಿಯಿಂದ ಎದ್ದು, ಅಕ್ಷರವೂ ಕಪ್ಪಾಗುತ್ತದೆ. ನವೆಂಬರ್‌ನ ಮೋಡದ ದಿನ ಹದಕ್ಕೆ ಬರಲು 20 ನಿಮಿಷ ಹಿಡಿದರೆ ಜನವರಿಯ ಬಿಸಿಲಲ್ಲಿ ತುಂಬ ಬೇಗ ಬರುತ್ತದೆ. ಗಡಿಯಾರ ನೋಡಬೇಡಿ, ಹೊಳಪು ನೋಡಿ. ಮಸಿ ದೀಪದ ಕಾಡಿಗೆ ಮತ್ತು ನೆನೆಸಿದ ಗೋಂದಿನದು, ದೋಸೆ ಹಿಟ್ಟಿಗಿಂತ ಗಟ್ಟಿ ಇರಲಿ. ಜಾಗ ವರಾಂಡ ಅಥವಾ ಅಂಗಳ. ಹಾಲ್ ಒಳಗೆ ನೀರು–ಮಸಿ ಬೇಡವೇ ಬೇಡ.

ಕಾಯುವ ಹೊತ್ತಿಗೆ ಒಂದು ಲೆಕ್ಕ ಕೊಡಿ. ಶಾಸನದ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ (ಜನವರಿಯಿಂದ ಯುಗಾದಿವರೆಗಿನ ದಿನಗಳಿಗೆ 79). ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. 2012ರ ಜೂನ್‌ನಲ್ಲಿ ಹುಟ್ಟಿದ ಮಗು: ಶಕ 1934, 12 ಸೇರಿ 1946, ಶೇಷ 26, ನಂದನ ಸಂವತ್ಸರ. ಅರವತ್ತು ಹೆಸರಿನ ಪಟ್ಟಿಯನ್ನು ಗೋಡೆಗೆ ಹಾಕಿ, ಪ್ರತಿ ಮಗುವೂ ತನ್ನ ಸಂವತ್ಸರ ಹುಡುಕಲಿ. ಶಾಸನದಲ್ಲಿ ಸಂವತ್ಸರ ಯಾಕೆ ಬರೆಯುತ್ತಿದ್ದರು ಎನ್ನುವ ಪ್ರಶ್ನೆ ಆಗ ಅವರ ಬಾಯಿಂದಲೇ ಬರುತ್ತದೆ.

---

ತೂಬು_ಏರಿ

ಕೆರೆಯ ಪ್ರದರ್ಶನ ಅಂದಮೇಲೆ ನೀರು ಹರಿಯುವ ಒಂದು ಮಾದರಿ ಇರಲೇಬೇಕು. ಫೋಟೋ ನೋಡಿ ಕೆರೆ ಅರ್ಥವಾಗುವುದಿಲ್ಲ.

120×80 ಸೆಂಟಿಮೀಟರಿನ ತಟ್ಟೆ, ಒಂದು ಕಡೆ 6 ಸೆಂಟಿಮೀಟರ್ ಎತ್ತರಿಸಿ. ಮೂರು ಕೆರೆ, ಒಂದರ ಕೆಳಗೊಂದು. ಏರಿ 10 ಸೆಂಟಿಮೀಟರ್ ಎತ್ತರ, ಕೋಡಿ 7. ತೂಬು ತಳದ ಹತ್ತಿರ, ಸಣ್ಣ ಕೊಳವೆ ಮತ್ತು ಬಿರಡೆ. ತೂಬಿನ ಮುಂದೆ ಅಚ್ಚುಕಟ್ಟು, ಹಸಿರು ಸ್ಪಂಜಿನಲ್ಲಿ. ಮೇಲಿನ ಕೆರೆಗೆ ಚೊಂಬಿನಲ್ಲಿ ನೀರು ಹಾಕುತ್ತ ಹೋದರೆ ತುಂಬಿ ಕೋಡಿ ಬಿದ್ದು, ಆ ನೀರು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಪಾಲಾರ್ ನದಿಯ ಮೇಲಿನ ಬೇತಮಂಗಲದ ಕೆರೆವರೆಗೆ ನೀರು ಹೇಗೆ ಇಳಿಯುತ್ತದೆ ಎಂದು ಇದರ ಪಕ್ಕದಲ್ಲೇ ಒಂದು ನಕ್ಷೆಯಲ್ಲಿ ತೋರಿಸಿ.

ಎರಡನೇ ಕೆರೆಗೆ ಬದಲಾಯಿಸಬಹುದಾದ ಏರಿ ಇರಲಿ: ಕೋಡಿ ಮುಚ್ಚಿ, ಏರಿಯ ಮಧ್ಯದ ಒಂದು ತುಂಡನ್ನು ಒದ್ದೆ ಮರಳಿನಲ್ಲಿ ಕಟ್ಟಿ. ನೀರು ಏರಿಯ ಮೇಲೆ ಹರಿದ ತಕ್ಷಣ ಮರಳು ಕೊಚ್ಚಿ, ಕೆಳಗಿನ ಕೆರೆಯೂ ಒಡೆಯುತ್ತದೆ. ಕೋಡಿ ಏಕೆ ಏರಿಗಿಂತ ತಗ್ಗು, ರಾಜಕಾಲುವೆ ಮುಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಆಮೇಲೆ ಮಾತು ಬೇಕಿಲ್ಲ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಬೇಡಿ, ವಾರದಲ್ಲಿ ಕರಗಿ ಬಿರಿಯುತ್ತದೆ. ಕೋಳಿಬಲೆ ಮೇಲೆ ಸಿಮೆಂಟ್, ಅದರ ಮೇಲೆ ನೀರು ತಡೆಯುವ ಲೇಪನ, ಏಳು ದಿನ ನೀರುಣಿಸಿ ಹದ ಮಾಡಿ. ಒಂದು ಸಲಕ್ಕೆ 10 ಲೀಟರ್ ಸಾಕು, ಕೆಳಗೆ ಬಕೆಟ್ ಇಟ್ಟು ಅದನ್ನೇ ಮತ್ತೆ ಬಳಸಿ, ಸಂಜೆ ಖಾಲಿ ಮಾಡಿ ಒರೆಸಿ. ಇಲ್ಲದಿದ್ದರೆ ಸೊಳ್ಳೆ. ಇದೂ ವರಾಂಡದಲ್ಲೇ, ತಾಳೆಗರಿಯ ಪೆಟ್ಟಿಗೆಯಿಂದ ದೂರ.

ನೀರಗಂಟಿಗಳನ್ನು (ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವರು) ಒಂದು ಭಾನುವಾರ ಕರೆಯಿರಿ, ಭಾಷಣಕ್ಕಲ್ಲ. ಮಾದರಿಯ ಮುಂದೆ ನಿಲ್ಲಿಸಿ ‘ಬರಗಾಲದಲ್ಲಿ ಅರ್ಧ ಕೆರೆ ನೀರಿದ್ದರೆ ಯಾವ ಗದ್ದೆಗೆ ಮೊದಲು ಬಿಡುತ್ತಿದ್ದಿರಿ?’ ಎಂದು ಕೇಳಿ. ಕೈಯಲ್ಲೇ ತೋರಿಸುತ್ತ ಹೇಳುತ್ತಾರೆ. ಅವರ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿ: ಮೈಕು ಬಾಯಿಂದ ಒಂದು ಗೇಣು ದೂರ, ಫ್ಯಾನ್ ಆಫ್. ಬಂದವರಿಗೆ ಬಸ್ ಚಾರ್ಜು, ದಿನದ ಕೂಲಿ ಕೊಡಲೇಬೇಕು, ಅದನ್ನು ಬಜೆಟ್‌ನಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.

---

ಕೋಡಿನೀರು

ತುಂಬಾ ಧನ್ಯವಾದ. ವೀರಗಲ್ಲು ಅಲ್ಲೇ ಇರುತ್ತದೆ, ನಾಳೆಯೇ ಅರ್ಜಿ ಬರೆಯುತ್ತೇವೆ. ಇನ್ನೆರಡು: ಮನೆಯವರಿಂದ ತಾಳೆಗರಿ, ತಾಮ್ರಶಾಸನ ಪಡೆಯುವಾಗ ಕಾಗದಪತ್ರ ಏನು? ಮತ್ತೆ ಆ ಕಲ್ಲನ್ನು ಜನ ಅಲ್ಲಿಗೇ ಹೋಗಿ ನೋಡುವ ಹಾಗೆ ನಡಿಗೆ ಇಡಬಹುದೇ?

---

ಓರೆಬೆಳಕು

ನಡಿಗೆ ಇಡಿ, ಪ್ರದರ್ಶನದ ಮುಖ್ಯ ಭಾಗವೇ ಅದಾಗಲಿ. ಬೆಳಿಗ್ಗೆ 7ಕ್ಕೆ ಹೊರಟು 9.30ರೊಳಗೆ ಮುಗಿಸಿ, ಎಳೆಬಿಸಿಲು ಓರೆಯಾಗಿ ಬೀಳುವಾಗಲೇ ಅಕ್ಷರ ಕಾಣುವುದು. ಒಬ್ಬ ವಿವರಣೆಗಾರರಿಗೆ 20 ಜನಕ್ಕಿಂತ ಹೆಚ್ಚು ಬೇಡ, ಕಲ್ಲಿನ ಸುತ್ತ ಹಿಂದಿನವರಿಗೆ ಏನೂ ಕಾಣುವುದಿಲ್ಲ. ನೆರಳಿದ್ದರೆ ಒಂದು 60 ಸೆಂಟಿಮೀಟರ್ ಕನ್ನಡಿ ಒಯ್ದು ಬಿಸಿಲನ್ನು ಓರೆಯಾಗಿ ತಿರುಗಿಸಿ. ಊರಿನವರೇ ಒಬ್ಬರು ಕಲ್ಲಿನ ಬಗ್ಗೆ ಹೇಳಲಿ, ಹಾಗಾದರೆ ಕಾಯುವ ಜವಾಬ್ದಾರಿಯೂ ಅವರದ್ದಾಗುತ್ತದೆ.

ಪೇಟೆಯೊಳಗಿನ ನಡಿಗೆಗೆ ಕೋಲಾರಮ್ಮ, ಸೋಮೇಶ್ವರ ದೇವಸ್ಥಾನ, ಹೈದರಾಲಿಯ ತಂದೆ ಫತೇ ಮಹಮ್ಮದರ ಸಮಾಧಿ ಇರುವ ಮಕ್ಬರಾ ಮೂರನ್ನೂ ಸೇರಿಸಬಹುದು. ಎರಡೂ ದೇವಸ್ಥಾನ ಕೇಂದ್ರದ ಸಂರಕ್ಷಿತ ಸ್ಮಾರಕಗಳು: ಸ್ಟ್ಯಾಂಡ್ ಇಟ್ಟು ಫೋಟೋ ತೆಗೆಯಲು, ಬ್ಯಾನರ್ ಕಟ್ಟಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಮೊದಲೇ ಕೇಳಿ.

---

ತಾಳೆಗರಿ

ಕಾಗದಪತ್ರ: 1972ರ ಪುರಾವಸ್ತು ಕಾಯ್ದೆಯಲ್ಲಿ 100 ವರ್ಷ ಮೀರಿದ ವಸ್ತು, 75 ವರ್ಷ ಮೀರಿದ ಹಸ್ತಪ್ರತಿ ಪುರಾವಸ್ತು. ನೋಂದಣಿ ಪತ್ರ ಇದ್ದರೆ ನಕಲು ಪಡೆಯಿರಿ. ಎರವಲು ಪತ್ರದಲ್ಲಿ ಮಾಲೀಕರ ಹೆಸರು, ವಸ್ತುವಿನ ಅಳತೆ, ತೂಕ, ಗರಿ/ಹಲಗೆ ಸಂಖ್ಯೆ, ಪಡೆದ ದಿನ, ವಾಪಸ್ ಕೊಡುವ ದಿನ, ವಿಮೆಯ ಮೊತ್ತ, ಫೋಟೋ ತೆಗೆಯಲು ಮತ್ತು ಪಾಠ ಪ್ರಕಟಿಸಲು ಒಪ್ಪಿಗೆ ಇದೆಯೇ ಇಲ್ಲವೇ – ಇಷ್ಟೂ ಇರಬೇಕು. ಪ್ರತಿ ಮೈಯ ಫೋಟೋ ಅಳತೆಪಟ್ಟಿಯೊಂದಿಗೆ, ಈಗಾಗಲೇ ಇರುವ ಪ್ರತಿ ಸೀಳು, ಹುಳುತೂತು, ಕಲೆಯನ್ನು ಗುರುತಿಸಿದ ಸ್ಥಿತಿವರದಿ. ಮಾಲೀಕರ ಎದುರಿಗೇ ಬರೆದು ಇಬ್ಬರೂ ಸಹಿ ಹಾಕಿ. ವಾಪಸ್ ಕೊಡುವಾಗ ಅದೇ ಹಾಳೆ ಕೈಯಲ್ಲಿ ಹಿಡಿದು ಒಂದೊಂದೇ ಗುರುತು ನೋಡಿಕೊಂಡು ಮತ್ತೆ ಸಹಿ.

ಮನೆಯವರಿಗೆ ಎಲ್ಲಾ ಗರಿಗಳ ಒಳ್ಳೆಯ ಫೋಟೋಗಳನ್ನು ಪೆನ್‌ಡ್ರೈವ್‌ನಲ್ಲಿ, ಜೊತೆಗೆ ಒಗೆದ ಹತ್ತಿ ಬಟ್ಟೆ ಮತ್ತು ಗರಿಗಿಂತ ಸ್ವಲ್ಪ ದೊಡ್ಡದಾದ ಎರಡು ಮರದ ಹಲಗೆ ಕೊಟ್ಟು ಕಳಿಸಿ. ಕಟ್ಟುವ ದಾರ ಬಿಗಿಯಿರಲಿ, ಆದರೆ ಹಲಗೆಯ ಮೇಲೆ ಮಾತ್ರ, ಗರಿಯ ಅಂಚಿಗೆ ಕೊಯ್ಯದಂತೆ.